ಲೆಕ್ಕದ ಹಾಳೆ

2 ನವೆಂಬರ್ 2025, ರವಿವಾರ

ನಿನ್ನೆ ಕಾಲೇಜಿನಲ್ಲಿ ರಾಜ್ಯೋತ್ಸವದ ಧ್ವಜ ಏರಿಸಿ, ಮಕ್ಕಳಿಗೆ ಬೂಂದಿ ಹಂಚಿ, ಇನ್ನೇನು ಬಸ್‌ಸ್ಟ್ಯಾಂಡಿಗೆ ಹೊರಡಬೇಕು ಅನ್ನುವಷ್ಟರಲ್ಲಿ ಪ್ರಾಚಾರ್ಯರು ಕರೆದು ಒಂದು ಹೊರೆ ಹೊರಿಸಿದರು. ಜನವರಿ ಕೊನೆಗೆ ವಿಚಾರಸಂಕಿರಣವಂತೆ. ನನ್ನ ಪಾಲಿಗೆ ಬಂದದ್ದು 'ಆರ್ಥಿಕ ಸಂಕಷ್ಟದ ಕಾಲದಲ್ಲಿ ವಲಸೆ ಕೃಷಿ ಕಾರ್ಮಿಕರು: ಕಥನ ಸಾಹಿತ್ಯದ ಚಿತ್ರಣ'. ಈ ಶೀರ್ಷಿಕೆಯನ್ನು ಒಂದೇ ಉಸಿರಿನಲ್ಲಿ ಹೇಳಬೇಕಾದರೆ ಹೊಟ್ಟೆ ತುಂಬಿರಬೇಕು.

ಅಥಣಿಯಿಂದ ಕಾಗವಾಡದ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಪಟ್ಟಿ ಮಾಡಿದೆ. ಕಾರಂತರ 'ಚೋಮನ ದುಡಿ', ಅನಂತಮೂರ್ತಿಯವರ 'ಬರ', ನಮ್ಮ ಶೇಡಬಾಳದ ಮಿರ್ಜಿ ಅಣ್ಣಾರಾಯರ 'ನಿಸರ್ಗ', ಆಮೇಲೆ ಎಲ್ಲರೂ ಹೇಳುವ ಸ್ಟೈನ್‌ಬೆಕ್. ಅಷ್ಟಕ್ಕೇ ಪಟ್ಟಿ ನಿಂತಿತು. ಕಬ್ಬು ಕಡಿಯಲು ಬರುವವರನ್ನೇ ನಡುವೆ ಇಟ್ಟು ಬರೆದ ಕನ್ನಡ ಕಾದಂಬರಿ ಒಂದೂ ನೆನಪಾಗಲಿಲ್ಲ. ಬಸ್ಸಿನ ಎರಡೂ ಕಿಟಕಿಯಾಚೆ ನೋಡಿದರೆ ಕಬ್ಬು ಬಿಟ್ಟು ಬೇರೇನೂ ಇರಲಿಲ್ಲ.

ಮನೆಯಲ್ಲಿ ಮಾವನವರು ಟಿವಿ ಮುಂದೆ. ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಧರಣಿ ಕೂತಿದ್ದಾರೆ, ಟನ್ನಿಗೆ 3,500 ರೂಪಾಯಿ ಆಗದೆ ಏಳುವುದಿಲ್ಲ ಎಂದು. "ಕಬ್ಬ ಹೂ ಬಿಟ್ಟಾವ. ಇವರು ಕುಂತಷ್ಟ ದಿನಾ ನಮ್ಮ ತೂಕ ಇಳಿತೈತಿ" ಅಂದರು. ಸ್ವಲ್ಪ ಹೊತ್ತಿಗೆ, "ಕುಂದ್ರಬೇಕ ಬಿಡ, ಕುಂದರದಿದ್ರ ಯಾರ ಕೊಡ್ತಾರ" ಅಂತಲೂ ಅಂದರು. ಎರಡೂ ಮನಸಾರೆ ಹೇಳಿದ್ದು.

8 ನವೆಂಬರ್, ಶನಿವಾರ

ನಿನ್ನೆ ಬೆಂಗಳೂರಿನಲ್ಲಿ 3,300ಕ್ಕೆ ಮಾತು ಮುಗಿದಿದೆ. ಊರಲ್ಲಿ ಪಟಾಕಿ.

ಇಷ್ಟು ದಿನ ಪತ್ರಿಕೆಗಳನ್ನು ಒಂದೂ ಬಿಡದೆ ಓದಿದೆ. ಟನ್ನು ಬಂತು, ಇಳುವರಿ ಬಂತು, ಎಫ್‌ಆರ್‌ಪಿ ಬಂತು, ಹಳೆಯ ಬಾಕಿ ಬಂತು. ಆ ಟನ್ನನ್ನು ಬುಡದಿಂದ ಕಡಿದು, ಕಟ್ಟಿ, ತಲೆ ಮೇಲೆ ಹೊತ್ತು ಟ್ರೇಲರ್ ಏರಿಸುವ ಕೈಗೆ ಎಷ್ಟು ಅನ್ನುವ ಮಾತು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಗಡಿಯಾಚೆ ಮಹಾರಾಷ್ಟ್ರದಲ್ಲಿ 2024ರ ಜನವರಿಯಲ್ಲಿ ಕಡಿಯುವವರ ಕೂಲಿಯನ್ನು ಶೇ 34 ಏರಿಸಿದರು, ಟನ್ನಿಗೆ 273 ಇದ್ದದ್ದು 366 ಆಯಿತು. ಅದಕ್ಕೂ ಮುಷ್ಕರದ ಬೆದರಿಕೆ ಬೇಕಾಯಿತು. ನಮ್ಮ ಮನೆಯಲ್ಲಿ ಆ ಅಂಕಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಾದದ್ದು ಈ ಭಾಷಣದ ಹುಡುಕಾಟದಲ್ಲಿ.

ಕಾದಂಬರಿಕಾರರನ್ನು ದೂರುವ ಮೊದಲು ಇದನ್ನು ಬರೆದಿಟ್ಟುಕೊಂಡಿರಬೇಕು.

21 ನವೆಂಬರ್, ಶುಕ್ರವಾರ

ಕಬ್ಬು ಕಡಿಯುವವರ ಟೋಳಿ ಬಂತು. ಬಾವಿಯ ಹತ್ತಿರ ಬೀಳು ಬಿಟ್ಟ ನಮ್ಮ ಪಟ್ಟಿಯಲ್ಲೇ ಗುಡಿಸಲು ಹಾಕಿಕೊಂಡಿದ್ದಾರೆ. ಬಿದಿರಿನ ಗಳ, ಮೇಲೆ ತಾಡಪತ್ರಿ, ಬಗ್ಗಿ ಒಳಗೆ ಹೋಗಬೇಕು. ಹಂಗಾಮು ಮುಗಿಯುವ ತನಕ ಇಲ್ಲೇ ಇದ್ದು ಸುತ್ತಲಿನ ಹೊಲ ಎಲ್ಲ ಕಡಿಯುತ್ತಾರೆ. ಪಕ್ಕದ ಊರಿಗೆ ಬೀಡ ಜಿಲ್ಲೆಯವರು ಬಂದಿದ್ದಾರೆ, ಎತ್ತು, ಟೈರಗಾಡಿ ಸಮೇತ. ನಮ್ಮಲ್ಲಿಗೆ ಬಂದವರು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನವರು, ಟ್ರ್ಯಾಕ್ಟರಿನ ಟೋಳಿ. ಜತ್ತ ಮಹಾರಾಷ್ಟ್ರದಲ್ಲಿದೆ, ಮಾತು ಕನ್ನಡ. ನನ್ನ ಅವ್ವ ಆಡುವ ಕನ್ನಡ.

"ಎಷ್ಟ ಮಂದಿ ಬಂದೀರಿ?" ಅಂತ ಟೋಳಿಯ ಮುಂದಾಳು ಮುಕಾದಮನನ್ನು ಕೇಳಿದೆ. "ಹನ್ನೊಂದ ಕೊಯ್ತಾರ್ರೀ" ಅಂದ.

ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಲೆಕ್ಕದಲ್ಲಿ ಅದು ಗಂಡ ಹೆಂಡತಿ ಸೇರಿ ಒಂದು ಜೋಡಿ. ಒಂಟಿಯಾಗಿ ಬಂದವರು ಅರ್ಧ ಕೊಯ್ತಾ. ಮುಂಗಡ, ಇಲ್ಲಿಯವರು ಉಚಲ ಅನ್ನುತ್ತಾರೆ, ದಸರೆಯ ಹೊತ್ತಿಗೆ ಕೊಯ್ತಾಕ್ಕೆ ಇಷ್ಟು ಅಂತ ಕೈಗೆ ಬರುತ್ತದೆ. ಹಣ ಗಂಡನ ಕೈಗೆ, ಸಾಲ ಇಬ್ಬರ ಮೇಲೆ. ಹನ್ನೊಂದು ಕತ್ತಿ ಅಂದರೆ ಇಪ್ಪತ್ತೆರಡು ಜನ. ಅವರ ಮಕ್ಕಳು ಯಾವ ಲೆಕ್ಕಕ್ಕೂ ಬರುವುದಿಲ್ಲ. ನಾನು ಎಣಿಸಿದಾಗ ಹದಿನಾಲ್ಕು ಇದ್ದವು, ಅದರಲ್ಲಿ ಒಂದು ಸೀರೆಯ ಜೋಳಿಗೆಯಲ್ಲಿ.

ಇಪ್ಪತ್ತು ವರ್ಷದಿಂದ ಈ ಹೊಳೆದಂಡೆಯಲ್ಲಿ ಸಂಸಾರ ಮಾಡಿದ್ದೇನೆ. ಅರ್ಧ ಕೊಯ್ತಾ ಎಂಬ ಮಾತನ್ನು ಕೇಳಿದ್ದೇನೆ, ಅದರ ಅರ್ಥ ಕೇಳಿರಲಿಲ್ಲ. ಗಂಡ ಸತ್ತವಳನ್ನು ಅರ್ಧ ಕತ್ತಿ ಎಂದು ಕರೆಯುವ ಭಾಷೆಯ ಎದುರು ಯಾವ ಕಾದಂಬರಿಕಾರ ಹೊಸ ಉಪಮೆ ಹುಡುಕಬೇಕು?

23 ನವೆಂಬರ್, ರವಿವಾರ

'ದ ಗ್ರೇಪ್ಸ್ ಆಫ್ ರಾತ್' ಮತ್ತೆ ಓದಿ ಮುಗಿಸಿದೆ. ಎಂ.ಎ. ಓದುವಾಗ ಅಳು ಬಂದಿತ್ತು. ಈ ಸಲ ಲೆಕ್ಕ ಹಾಕುತ್ತಾ ಓದಿದೆ.

ಅದು ಅಚ್ಚಾದದ್ದು 1939ರ ಏಪ್ರಿಲ್‌ನಲ್ಲಿ. ನಮ್ಮ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಕಂಪನಿ ಹುಟ್ಟಿದ್ದೂ 1939ರಲ್ಲೇ. ಒಂದಕ್ಕೊಂದು ಸಂಬಂಧವಿಲ್ಲ, ಆದರೂ ನನ್ನ ತಲೆಯಲ್ಲಿ ಎರಡೂ ಅಕ್ಕಪಕ್ಕ ಕೂತುಬಿಟ್ಟಿವೆ. ಒಕ್ಲಹೋಮಾದಲ್ಲಿ ಮಳೆ ಕೈಕೊಟ್ಟು, ಮಣ್ಣು ಹಾರಿ, ಬ್ಯಾಂಕು ಹೊಲ ಕಿತ್ತುಕೊಂಡು, ಟ್ರ್ಯಾಕ್ಟರು ಮನೆ ಕೆಡವಿ, ಜೋಡ್ ಮನೆತನದವರು ಹಳೆಯ ಲಾರಿಯಲ್ಲಿ 66ನೇ ಹೆದ್ದಾರಿ ಹಿಡಿದು ಕ್ಯಾಲಿಫೋರ್ನಿಯಾಕ್ಕೆ ಹೊರಡುತ್ತಾರೆ. ಅವರನ್ನು ಕರೆದದ್ದು ಒಂದು ಕರಪತ್ರ. ಹಣ್ಣು ಕೀಳಲು ಆಳು ಬೇಕು ಅಂತ ಅಚ್ಚು ಹಾಕಿಸಿದ್ದು, ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಂಚಿದ್ದು. ಆಳು ಹೆಚ್ಚಾದಷ್ಟೂ ಕೂಲಿ ಕೆಳಗೆ.

ನಮ್ಮಲ್ಲಿ ಇದು ತಿರುವುಮುರುವು. ಇಲ್ಲಿ ಟೋಳಿಗಾಗಿ ಕಾಯುವವರು ಹೊಲದವರು. ಕಾರ್ಖಾನೆಯಿಂದ ಪಾಳಿ ಬರಬೇಕು, ಸ್ಲಿಪ್ ಬಾಯ್ ಚೀಟಿ ಹರಿಯಬೇಕು, ಟೋಳಿ ಮನಸ್ಸು ಮಾಡಬೇಕು. ಎರಡು ಎಕರೆಯವನು ಮುಕಾದಮನಿಗೆ ಕೈ ಮುಗಿಯುತ್ತಾನೆ, ಮೇಲೆ ಇಷ್ಟು ಅಂತ ಕೊಡುತ್ತಾನೆ, ಡ್ರೈವರನ ಎಂಟ್ರಿ ಹಣ ಬೇರೆ. ಮಾವನವರು ಈ ವರ್ಷ ಒಂದು ಕೋಳಿಯನ್ನೂ ಕೊಟ್ಟರು, ಬೈಯುತ್ತಲೇ. ಹಾಗಂತ ಟೋಳಿಯವರ ಕೈ ಮೇಲಾಯಿತೇ? ಅವರು ಬರುವ ಮೊದಲೇ ಅವರ ಸಾಲ ಬಂದು ಕೂತಿರುತ್ತದೆ. ಜೋಡ್‌ಗಳು ಬರಿಗೈಲಿ ಹೊರಟರು, ಎಲ್ಲಿ ಬೇಕಾದರೂ ತಿರುಗಬಹುದಿತ್ತು. ನಮ್ಮವರು ಕೈತುಂಬ ಹಣ ಪಡೆದು, ಆ ಹಣ ಖರ್ಚಾದ ಮೇಲೆ ಹೊರಡುತ್ತಾರೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಜೋಡ್‌ಗಳ ದಾರಿ ಒಂದು ಗೆರೆ: ಹೊರಟರು, ತಲುಪಿದರು, ಚದುರಿದರು. ಕಾದಂಬರಿಗೆ ಹೇಳಿಮಾಡಿಸಿದ ಆಕಾರ. ಟೋಳಿಯ ದಾರಿ ಗಾಣದ ಎತ್ತಿನದು. ದಸರೆಗೆ ಉಚಲ, ದೀಪಾವಳಿಗೆ ಹೊರಡುವುದು, ಶಿವರಾತ್ರಿ ಯುಗಾದಿಯ ನಡುವೆ ಮರಳುವುದು, ಲೆಕ್ಕದಲ್ಲಿ ಬಾಕಿ ಉಳಿದರೆ ಅದೇ ಮುಂದಿನ ವರ್ಷದ ಉಚಲದ ಬುಡ. ಇದರಲ್ಲಿ ಮೊದಲ ಅಧ್ಯಾಯ ಯಾವುದು? ಕೊನೆಯದು ಯಾವುದು? ಬಹುಶಃ ನಮ್ಮವರು ಬರೆಯದೆ ಬಿಟ್ಟದ್ದಕ್ಕೆ ಜಾತಿ, ಅಸಡ್ಡೆಗಳ ಜೊತೆ ಇದೂ ಒಂದು ಕಾರಣ ಇರಬಹುದು. ಕನ್ನಡದ ದೊಡ್ಡ ಕಾದಂಬರಿಗಳೆಲ್ಲ ಮನೆ ಇದ್ದವರವು. 'ಮರಳಿ ಮಣ್ಣಿಗೆ' ಅನ್ನಬೇಕಾದರೂ ಮರಳಲು ಒಂದು ತುಂಡು ಮಣ್ಣು ಬೇಕು. 'ಗ್ರಾಮಾಯಣ'ಕ್ಕೆ ಒಂದು ಗ್ರಾಮ ಬೇಕು. ಬಂದು ಹೋಗುವವರು ಅಲ್ಲಿ ಅಂಗಳದ ತನಕ ಬರುತ್ತಾರೆ, ನೀರು ಕುಡಿದು ಹೋಗುತ್ತಾರೆ.

7 ಡಿಸೆಂಬರ್, ರವಿವಾರ

ತವರಿಗೆ ಹೋಗಿದ್ದೆ. ತೆಲಸಂಗದ ದಾರಿ. ಅಥಣಿ ದಾಟಿ ಪೂರ್ವಕ್ಕೆ ಹೊರಳಿದರೆ ಹಸಿರು ಒಮ್ಮೆಲೇ ಕಡಿಮೆಯಾಗುತ್ತದೆ. ಒಂದೇ ತಾಲೂಕಿನಲ್ಲಿ ಹೊಳೆದಂಡೆಯೂ ಇದೆ, ಬರದ ಭೂಮಿಯೂ ಇದೆ. ಕೊಡುವವರು ಆ ಕಡೆಯಿಂದ ಈ ಕಡೆಗೆ ಹೆಣ್ಣು ಕೊಡುತ್ತಾರೆ, ನೀರಿದೆ ಅಂತ.

ಜೋಳದ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಒಲೆಯ ಮುಂದೆ ಕೂತು ಸ್ಟೈನ್‌ಬೆಕ್ ಕಥೆ ಹೇಳಿದೆ. ಬಾಣಂತಿ ಮಗು ಕಳೆದುಕೊಂಡು, ಹಸಿದು ಸಾಯುತ್ತಿರುವ ಅಪರಿಚಿತ ಗಂಡಸಿಗೆ ಎದೆಹಾಲು ಕೊಡುವ ಕೊನೆಯನ್ನೂ ಹೇಳಿದೆ. ಪ್ರಪಂಚವೆಲ್ಲ ಮಾತಾಡುವ ಕೊನೆ ಅದು. ಅವ್ವ ರೊಟ್ಟಿ ತಿರುವಿ ಹಾಕಿ ಕೇಳಿದಳು:

"ಅವರ ಎತ್ತ ಏನಾದವು?"

ನನಗೆ ತಟ್ಟನೆ ನೆನಪಾಯಿತು. ಇದೆ, ಆ ಪುಸ್ತಕದಲ್ಲಿ ಅದೂ ಇದೆ. ಊರು ಬಿಡುವ ಮೊದಲು ಒಬ್ಬ ರೈತ ಜೋಡಿ ಕುದುರೆಗಳನ್ನು ಹತ್ತು ಡಾಲರಿಗೆ ಮಾರುತ್ತಾನೆ. ಆ ಕುದುರೆಗಳ ಮುಂಗೂದಲಿಗೆ ಜಡೆ ಹೆಣೆದು ರಿಬ್ಬನ್ ಕಟ್ಟುತ್ತಿದ್ದ ಸಣ್ಣ ಹುಡುಗಿಯ ನೆನಪನ್ನೂ ಸೇರಿಸಿಯೇ ಮಾರುತ್ತಿದ್ದೇನೆ ಅಂತ ಕೊಳ್ಳುವವನ ಮೇಲೆ ಹರಿಹಾಯುತ್ತಾನೆ. ಹೇಳಿದೆ. ಅವ್ವ ತಲೆ ಆಡಿಸಿದಳು. "ಹಂಗಾದ್ರ ಬರದಾಂವಗ ಗೊತ್ತೈತಿ" ಅಂದಳು. ವಿಮರ್ಶೆಯ ಎಷ್ಟು ಪುಸ್ತಕ ಓದಿದ್ದೇನೆ, ಇಂಥ ಅಳತೆಗೋಲು ಯಾರೂ ಕೊಟ್ಟಿರಲಿಲ್ಲ.

ಆಮೇಲೆ 1972ರ ಬರ ತಾನಾಗಿಯೇ ಬಂತು. ಆಗ ಅವಳಿಗೆ ಹತ್ತು ವರ್ಷ. ಎತ್ತು ಮಾರಿ ಹೊಳೆದಂಡೆಗೆ ಹೋದದ್ದು ನನಗೆ ಗೊತ್ತಿತ್ತು, ಎಲ್ಲಿಗೆ ಅಂತ ಕೇಳಿರಲಿಲ್ಲ. ಊರ ಹೆಸರು ಹೇಳಿದಳು. ನಮ್ಮ ಮನೆಯಿಂದ ಮೂರು ಕಿಲೋಮೀಟರ್. ಅಪ್ಪ ಅವ್ವ ಕಡಿಯುತ್ತಿದ್ದರು, ಅವಳು ಸೋಗೆ ಹಿರಿದು ಸೂಡು ಕಟ್ಟುತ್ತಿದ್ದಳು.

"ನಿನ್ನ ಲಗ್ನದ ದಿಬ್ಬಣ ಆ ಹೊಲದ ಮುಂದ ಹಾಸಿ ಬಂತ" ಅಂದಳು.

"ಅವಾಗ್ಯಾಕ ಹೇಳಲಿಲ್ಲವ್ವಾ?"

"ಬೀಗರ ಮುಂದ ಹೆಂಗ ಹೇಳ್ಲೆವ್ವಾ."

8 ಡಿಸೆಂಬರ್, ಸೋಮವಾರ

ಬೆಳಿಗ್ಗೆ ಬಸ್ಸಿನಲ್ಲಿ ಆ ಊರು ದಾಟುವಾಗ ಹೊಲ ಯಾವುದು ಅಂತ ಹುಡುಕಿದೆ. ಎಲ್ಲ ಒಂದೇ ಥರ ಕಾಣುತ್ತದೆ.

19 ಡಿಸೆಂಬರ್, ಶುಕ್ರವಾರ

ಎಳ್ಳ ಅಮಾವಾಸ್ಯೆ. ಚರಗ ಚೆಲ್ಲಲು ಹೊಲಕ್ಕೆ ಹೋದೆವು. ಸಜ್ಜೆ ಕಡಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ ಬದನೆಕಾಯಿ, ಪುಂಡಿಪಲ್ಲೆ. ನಮ್ಮ ಕಬ್ಬು ಈ ವಾರವೇ ಕಡಿಯುತ್ತಿದ್ದಾರೆ. ಇವತ್ತು ಎರಡು ಖೇಪು, ಅಂದರೆ ಎರಡು ಗಾಡಿ ಕಬ್ಬು, ಹೋಯಿತು, ಒಂದು ಬೆಳಿಗ್ಗೆ, ಒಂದು ನಾವು ಉಣ್ಣಲು ಕೂತಾಗ. ಭೂತಾಯಿಗೆ ಎಡೆ ಇಟ್ಟು, ನಾಲ್ಕೂ ಬದಿಗೆ ಚೆಲ್ಲಿ, ಉಳಿದದ್ದನ್ನು ಅತ್ತೆಯವರು ಟೋಳಿಯವರಿಗೆ ಕೊಡಿಸಿದರು. ನಾನು ಬುಟ್ಟಿ ಹಿಡಿದು ಬದುವಿನ ಮೇಲೆ ನಿಂತಿದ್ದೆ. ಅವರು ಕೆಳಗೆ ಸಾಲಿನಲ್ಲಿ.

ಹಸಿರು ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟ ಒಬ್ಬಳು ಕಡಬು ಮುರಿದು ಬಾಯಿಗಿಟ್ಟು, "ಎಳ್ಳ ಜಾಸ್ತಿ ಆಗ್ಯಾವ ನೋಡ್ರಿ ಅಕ್ಕಾರ" ಅಂದಳು. ನಿಜ, ಹೆಚ್ಚಾಗಿತ್ತು. ಅತ್ತೆಯವರಿಗೆ ಕೇಳಿಸಲಿಲ್ಲ, ಪುಣ್ಯ. ಅವಳ ಮಾತು ಕೇಳಿ ಅವಳ ಪಕ್ಕ ಹೋಗಿ ಕೂತೆ. ಮುಂಗೈಯಿಂದ ಮೊಣಕೈ ತನಕ ಸೋಗೆಯ ಅಲಗು ಗೀರಿದ ಗೆರೆಗಳು. ರಾತ್ರಿ ಗಾಡಿ ಬಂದರೆ ರಾತ್ರಿಯೇ ತುಂಬಬೇಕು. ಹಲಗೆ ಮೇಲೆ ಕಾಲಿಟ್ಟು, ತಲೆ ಮೇಲೆ ಕಟ್ಟು ಹೊತ್ತು, ಮೊಬೈಲಿನ ಬೆಳಕಿನಲ್ಲಿ. ಕಾರ್ಖಾನೆಯ ಮುಂದೆ ಸಾಲು ಹಚ್ಚಿದ ಗಾಡಿಗಳ ಮೇಲೆ ಇವರ ನಿದ್ದೆ ನಿಂತಿದೆ.

"ಹೊಟ್ಟಿ ನೋವ ಇರತೈತೇನ?" ಅಂತ ಕೇಳಿದೆ. ಯಾಕೆ ಕೇಳಿದೆನೋ. "ನನಗಿಲ್ಲ. ನಮ್ಮ ನೆಗೆಣ್ಣಿ ಚೀಲ ತಗಿಸ್ಯಾಳ. ಮೂವತ್ತಕ್ಕ ತಗಿಸಿದ್ಲು. ರಜಾ ಆಗೂದ ತಪ್ಪಿತು ಅಂತಾಳ, ಸೊಂಟ ಹೋತು ಅಂತಾಳ."

ಬೀಡದಲ್ಲಿ 2019ರಲ್ಲಿ ಸರಕಾರದ ಸಮಿತಿಯೊಂದು ಕಬ್ಬು ಕಡಿಯುವ 82,309 ಹೆಂಗಸರನ್ನು ಸಮೀಕ್ಷೆ ಮಾಡಿದಾಗ 13,861 ಮಂದಿಗೆ ಗರ್ಭಕೋಶ ಇರಲಿಲ್ಲ. ಆರರಲ್ಲಿ ಒಬ್ಬಳು. ಒಂದು ದಿನ ಕತ್ತಿ ಕೆಳಗಿಟ್ಟರೆ ದಂಡ, ತಿಂಗಳಿಗೆ ಮೂರು ದಿನ ಅಂದರೆ ಎಷ್ಟು ದಂಡ. ಇದನ್ನೇ ಒಬ್ಬ ಕಥೆಗಾರ ಮೊದಲು ಬರೆದಿದ್ದರೆ ಅತಿಯಾಯಿತು ಅಂತ ನಾವೇ ಅನ್ನುತ್ತಿದ್ದೆವು, ವಿಶೇಷವಾಗಿ ನಾನು. ನಾನು ಸಂಯಮದ ಪಕ್ಷದವಳು.

28 ಡಿಸೆಂಬರ್, ರವಿವಾರ

ಬುಟ್ಟಿ ಹಿಡಿದು ಬದುವಿನ ಮೇಲೆ ನಿಂತದ್ದು ತಲೆಯಿಂದ ಹೋಗುತ್ತಿಲ್ಲ. ಅನಂತಮೂರ್ತಿಯವರ 'ಬರ' ನೆನಪಾಗುತ್ತಿದೆ. ಅಲ್ಲಿ ಬರಗಾಲ ಕಾಣುವುದು ಒಬ್ಬ ಜಿಲ್ಲಾಧಿಕಾರಿಯ ಕಣ್ಣಿನಿಂದ, ಒಳ್ಳೆಯವನು, ಓದಿದವನು, ತಪ್ಪಿತಸ್ಥ ಭಾವನೆ ಇರುವವನು. 1982ರಲ್ಲಿ ಎಂ.ಎಸ್. ಸತ್ಯು ಅದನ್ನು ಚಿತ್ರ ಮಾಡಿದರು, ಅನಂತನಾಗ್ ಆ ಪಾತ್ರ. ಹಸಿದವರು ಇದ್ದಾರೆ, ಆದರೆ ಜೀಪಿನ ಕಿಟಕಿಯಾಚೆ. ಇದು ಲೇಖಕರ ಕುರುಡಲ್ಲ, ಆ ಕಿಟಕಿಯೇ ಅವರ ವಿಷಯ. ಅಷ್ಟು ಪ್ರಾಮಾಣಿಕತೆಯನ್ನು ಮೆಚ್ಚುತ್ತೇನೆ. ಆದರೆ ಕಿಟಕಿಯ ಬಗ್ಗೆ ಎಷ್ಟು ಕಥೆ ಬರೆಯಬಹುದು?

ಕಾರಂತರು ಬೇರೆ ದಾರಿ ಹಿಡಿದರು. 'ಚೋಮನ ದುಡಿ' 1933ರದ್ದು, ಜಗತ್ತೆಲ್ಲ ಮುಗ್ಗಟ್ಟಿನಲ್ಲಿದ್ದ ಕಾಲ. ನಾವು ಅದನ್ನು ಭೂಮಿ ಸಿಗದವನ ಕಥೆ ಎಂದೇ ಪಾಠ ಮಾಡುತ್ತೇವೆ. ಈ ಸಲ ನನಗೆ ಕಂಡದ್ದು ತೋಟದ ಸಾಲ. ಅದನ್ನು ವಸೂಲು ಮಾಡಲು ಘಟ್ಟದಿಂದ ಜನ ಬರುತ್ತಾರೆ. ಚೋಮ ಕಾಫಿ ತೋಟಕ್ಕೆ ಇಬ್ಬರು ಗಂಡುಮಕ್ಕಳನ್ನು ಕಳಿಸುತ್ತಾನೆ. ಒಬ್ಬ ಜ್ವರ ಹೊತ್ತು ತಂದು ಸಾಯುತ್ತಾನೆ, ಇನ್ನೊಬ್ಬ ತಿರುಗಿ ಬರುವುದಿಲ್ಲ. ಆಮೇಲೆ ಮಗಳು ಬೆಳ್ಳಿ ಹೋಗುತ್ತಾಳೆ. ಸಾಲ ತೀರುತ್ತದೆ, ಅದು ತೀರಿದ ಬಗೆಯನ್ನು ಅವಳು ಅಪ್ಪನ ಮುಂದೆ ಹೇಳಲಾರಳು. ಉಚಲ, ಮುಕಾದಮ, ವಹಿ, ಹೆಣ್ಣಿನ ಮೈ: ಎಲ್ಲ ಅಲ್ಲಿದೆ, ಹೆಸರು ಮಾತ್ರ ಬೇರೆ. ತೊಂಬತ್ತು ವರ್ಷದ ಹಿಂದೆ ಅಷ್ಟು ಬರೆದಿಟ್ಟ ಮೇಲೆ ಅದನ್ನು ಮುಂದೆ ಹಿಡಿದವರು ಯಾರು ಅಂತ ಯೋಚಿಸಿ ಯೋಚಿಸಿ ಮಲಗಿದೆ.

(ಸನೋರಾ ಬ್ಯಾಬ್ ಹೆಸರು ಭಾಷಣದಲ್ಲಿ ಸೇರಿಸಬೇಕು, ಮರೆಯಬಾರದು. ಒಕ್ಲಹೋಮಾದಲ್ಲಿ ಹುಟ್ಟಿದವಳು. ಕ್ಯಾಲಿಫೋರ್ನಿಯಾದ ವಲಸಿಗರ ಕ್ಯಾಂಪುಗಳಲ್ಲಿ ಕೆಲಸ ಮಾಡುತ್ತಾ ಟಿಪ್ಪಣಿ ಬರೆದಳು. ಕ್ಯಾಂಪಿನ ಮೇಲಧಿಕಾರಿ ಟಾಮ್ ಕಾಲಿನ್ಸ್ ಮೂಲಕ ಆ ಟಿಪ್ಪಣಿ ಸ್ಟೈನ್‌ಬೆಕ್ ಕೈಗೂ ಹೋಯಿತು. ಇವಳ ಕಾದಂಬರಿಯನ್ನು ಒಪ್ಪಿಕೊಂಡಿದ್ದ ಪ್ರಕಾಶಕರು, ಅದೇ ವಸ್ತುವಿನ ಅವನ ಪುಸ್ತಕ ಬಂದು ಗೆದ್ದ ಮೇಲೆ ಇವಳದನ್ನು ಬಿಟ್ಟರು. ಅದು ಅಚ್ಚಾದದ್ದು 2004ರಲ್ಲಿ, ಅವಳು ತೀರಿಕೊಂಡದ್ದು 2005ರಲ್ಲಿ. ಅದರೊಳಗೆ ಒಬ್ಬ ಹೆಂಗಸು ದಿನದಿನದ ಧೂಳನ್ನು ದಿನಚರಿಯಾಗಿ ಬರೆದಿಡುತ್ತಾಳೆ. ಇನ್ನೊಂದು: ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಮೊದಲಿನಿಂದ ದುಡಿಯುತ್ತಿದ್ದ ಮೆಕ್ಸಿಕೋ, ಫಿಲಿಪೈನ್ಸ್ ಕೂಲಿಗಳು ಸ್ಟೈನ್‌ಬೆಕ್‌ನಲ್ಲಿ ಹೆಚ್ಚು ಕಾಣುವುದಿಲ್ಲ. ಅವನಿಗೂ ಒಂದು ಬದು ಇತ್ತು.)

4 ಜನವರಿ 2026, ರವಿವಾರ

ನಿಪ್ಪಾಣಿಗೆ ಹೋಗಿ ಬಂದೆ. ಕಾಲೇಜಿನ ಹಳೆಯ ಗೆಳತಿಯ ಮನೆ. ಊರ ಒಳಗೆ ಕಾಲಿಟ್ಟರೆ ಈಗಲೂ ತಂಬಾಕಿನ ಘಾಟು ಮೂಗಿಗೆ ಬರುತ್ತದೆ.

ಅವಳಿಗೆ ವಿಷಯ ಹೇಳಿದಾಗ "ನಮ್ಮ ಊರಿಗೆ ಬಂದು ಅಮೇರಿಕಾದವರ ಬಗ್ಗೆ ಮಾತಾಡ್ತೀಯೇನ?" ಅಂತ ನಕ್ಕಳು. ಆಮೇಲೆ ಮಹಾದೇವ ಮೋರೆಯವರ ಬಗ್ಗೆ ಹೇಳಿದಳು. ಈ ಊರಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಾ ಮರಾಠಿಯಲ್ಲಿ ಕಥೆ, ಕಾದಂಬರಿ ಬರೆದವರು. ಅವರ ಲೋಕ ತಂಬಾಕಿನ ವಖಾರಿಯ ಹೆಂಗಸರು, ಡ್ರೈವರ್‌ಗಳು, ಗ್ಯಾರೇಜಿನ ಹುಡುಗರು. ಬೀಸಲು ಡಬ್ಬಿ ತಂದವರು ಬಿಟ್ಟುಹೋದ ಮಾತೆಲ್ಲ ಕಿವಿಗೆ ಬೀಳುತ್ತಿದ್ದಿರಬೇಕು. ಅತ್ತ ಕಾಗಲ್‌ನಲ್ಲಿ ಹುಟ್ಟಿದ ಆನಂದ ಯಾದವರು ಬಡ ಕೃಷಿಕ ಮನೆಯ ಬಾಲ್ಯವನ್ನೇ 'ಝೋಂಬಿ'ಯಾಗಿ ಬರೆದರು. ಚಿಕ್ಕೋಡಿ, ನಿಪ್ಪಾಣಿಯಲ್ಲಿ ನಾವು ಎರಡೂ ಭಾಷೆ ಮಾತಾಡುತ್ತೇವೆ, ಸಂತೆ ಎರಡರಲ್ಲೂ ಮಾಡುತ್ತೇವೆ, ಓದುವುದು ಮಾತ್ರ ಒಂದರಲ್ಲಿ. ಗಡಿ ವಿವಾದದ ನಿಜವಾದ ನಷ್ಟ ನನಗೆ ಅನ್ನಿಸುವಂತೆ ಇದು: ಪಕ್ಕದ ಗಿರಣಿಯವನು ಏನು ಬರೆದ ಅಂತ ತಿಳಿಯದಿರುವುದು.

ಗೆಳತಿಯ ತಾಯಿ ವಖಾರಿಯಲ್ಲಿ ದುಡಿದವರು. 1981ರಲ್ಲಿ ಶರದ್ ಜೋಶಿಯವರ ನಾಯಕತ್ವದಲ್ಲಿ ತಂಬಾಕು ಬೆಳೆಗಾರರು ಪುಣೆ-ಬೆಂಗಳೂರು ಹೆದ್ದಾರಿ ತಡೆದದ್ದು, ಗೋಲಿಬಾರಿನಲ್ಲಿ ರೈತರು ಸತ್ತದ್ದು ಎಲ್ಲರಿಗೂ ಗೊತ್ತು. ಅದೇ ಕಾಲಕ್ಕೆ ವಖಾರಿಯ ಹೆಂಗಸರು ಸಂಘ ಕಟ್ಟಿದರು. ದೀಪಾ ಧನರಾಜ್ ಮತ್ತು ಗೆಳತಿಯರ 'ಯುಗಾಂತರ' ತಂಡ ಇಲ್ಲಿಗೆ ಬಂದು 1982ರಲ್ಲಿ 'ತಂಬಾಕು ಚಾಕಿಲಾ ಊಬ ಆಲಿ' ಎಂಬ ಚಿತ್ರ ಮಾಡಿತು. ಅದರಲ್ಲಿ ಆ ಹೆಂಗಸರು ತಮ್ಮ ಕಥೆಯನ್ನು ತಾವೇ ಆಡಿ ತೋರಿಸಿದರು. "ಅದು ಸಾಕ್ಷ್ಯಚಿತ್ರನೋ ಕಥಾಚಿತ್ರನೋ?" ಅಂತ ಗೆಳತಿ ಕೇಳಿದಳು. ನನಗೂ ಗೊತ್ತಾಗಲಿಲ್ಲ. ಆದದ್ದನ್ನು ಆದವರೇ ಎರಡನೇ ಸಲ ಮಾಡಿದರೆ ಅದು ಸುಳ್ಳಂತೂ ಅಲ್ಲ. ವಖಾರಿಯವರಿಗೆ ಸಂಜೆಯಾದರೆ ಮನೆ ಇತ್ತು, ಓಣಿ ಇತ್ತು, ಒಂದು ಕಡೆ ಸೇರಿ ಕೂಡಲು ಕಟ್ಟೆ ಇತ್ತು. ಹನ್ನೊಂದು ಕೊಯ್ತಾಕ್ಕೆ ಯಾವ ಕಟ್ಟೆ?

15 ಜನವರಿ, ಗುರುವಾರ

ಸಂಕ್ರಾಂತಿ. ನಿನ್ನೆ ರಾತ್ರಿ ಮೂರು ಗಂಟೆಗೆ ಟ್ರ್ಯಾಕ್ಟರ್ ಸದ್ದಿಗೆ ಎಚ್ಚರ. ಟೇಪ್‌ನಲ್ಲಿ ಮರಾಠಿ ಹಾಡು ಜೋರಾಗಿ ಹಚ್ಚಿದ್ದ. ಬೆಳಗಿನ ತನಕ ಒಂದು ಖೇಪು ತುಂಬಿದರು. ಎಳ್ಳು ಬೆಲ್ಲ ಕೊಡಲು ಹೋದಾಗ ಎಲ್ಲ ಮಲಗಿದ್ದರು, ಹಸಿರು ಸೀರೆಯವಳ ಮಗಳು ಮಾತ್ರ ಕೊಡ ಹೊತ್ತು ಬರುತ್ತಿದ್ದಳು. ಆರನೇ ಇಯತ್ತೆ, ಜತ್ತ ತಾಲೂಕಿನ ಕನ್ನಡ ಶಾಲೆ. ನವೆಂಬರಿನಿಂದ ಹೋಗಿಲ್ಲ. ನನ್ನ ಕೈಚೀಲದಲ್ಲಿದ್ದ ಪತ್ರಿಕೆಯ ತಲೆಬರಹ ಓದಿ ತೋರಿಸಿದಳು, ತಡವರಿಸದೆ.

ಪಕ್ಕದ ಊರಿಗೆ ಕಬ್ಬು ಕಡಿಯುವ ಯಂತ್ರ ಬಂದಿದೆಯಂತೆ. ಮಾವನವರು ನೋಡಲು ಹೋಗಿದ್ದಾರೆ.

31 ಜನವರಿ, ಶನಿವಾರ

ಭಾಷಣ ಆಯಿತು. ಇಪ್ಪತ್ತೈದು ನಿಮಿಷ. ಕರಪತ್ರ ಮತ್ತು ಉಚಲ, ಗೆರೆ ಮತ್ತು ಗಾಣ, ಜೀಪಿನ ಕಿಟಕಿ, ಬೆಳ್ಳಿ, ಅವ್ವನ ಎತ್ತು: ಎಲ್ಲ ಹೇಳಿದೆ. ಅವ್ವ ಆ ಹೊಲದಲ್ಲಿ ಸೂಡು ಕಟ್ಟಿದ್ದನ್ನು ಹೇಳಲಿಲ್ಲ. ಮುಂದಿನ ಸಾಲಿನಲ್ಲಿ ಯಜಮಾನರು ಕೂತಿದ್ದರು. ಅವ್ವನದೇ ಬಾಯಿ ನನಗೂ ಬಂದಿದೆ.

ಪ್ರಶ್ನೆಯ ಹೊತ್ತಿಗೆ ಹಿಂದಿನಿಂದ ಒಬ್ಬ ಹುಡುಗ ಎದ್ದ. ಬಿ.ಎ. ಎರಡನೇ ವರ್ಷ, ನನ್ನದೇ ತರಗತಿ, ಯಾವತ್ತೂ ಬಾಯಿ ಬಿಟ್ಟವನಲ್ಲ.

"ಮೇಡಂ, ನಮ್ಮ ಅಪ್ಪ ಅವ್ವ ಟೋಳಿಗೆ ಹೊಕ್ಕಾರ್ರೀ. ನಾನೂ ಸಣ್ಣಾಂವಿದ್ದಾಗ ಹೋಗಿನಿ. ಅಲ್ಲಿ ಮಂದಿ ಭಾಳ ನಗತಾರ್ರೀ. ಚ್ಯಾಷ್ಟಿ ಮಾಡ್ತಾರ, ಹಾಡ್ತಾರ, ಮುಕಾದಮನ ಹಂಗ ನಡದ ತೋರಸ್ತಾರ. ನೀವ್ ಹೇಳಿದ ಪುಸ್ತಕದಾಗ ಯಾರೂ ನಗೂದಿಲ್ಲೇನ್ರಿ?"

ಸಭೆ ನಕ್ಕಿತು. ನಾನು ಏನೋ ಉತ್ತರ ಕೊಟ್ಟೆ, ಸಂಕಟದ ಒಳಗಿನ ಜೀವಂತಿಕೆ ಇತ್ಯಾದಿ. ಹುಡುಗ ಕೂತ. ವಾಪಸು ಬಸ್ಸಿನಲ್ಲಿ ಬರುವಾಗ ನೆನಪಾಯಿತು: ಸ್ಟೈನ್‌ಬೆಕ್‌ನಲ್ಲಿ ಸರಕಾರಿ ಕ್ಯಾಂಪಿನ ಶನಿವಾರದ ಕುಣಿತ ಇದೆ. ಗಲಾಟೆ ಎಬ್ಬಿಸಲು ಬಂದವರನ್ನು ಸದ್ದಿಲ್ಲದೆ ಹೊರಗೆ ಹಾಕಿ ಕುಣಿತ ಮುಂದುವರಿಸುತ್ತಾರೆ. ನಗುವ ಪುಟಗಳು. ನಾನೇ ಟಿಪ್ಪಣಿ ಮಾಡಿಕೊಂಡಿರಲಿಲ್ಲ, ಭಾಷಣಕ್ಕೆ ಬೇಡವೆಂದು. ಸೋಮವಾರ ಅವನನ್ನು ಕರೆದು ಹೇಳಬೇಕು. ಬರೆಯುತ್ತೀಯಾ ಅಂತಲೂ ಕೇಳಬೇಕು. ಕೇಳಿದರೆ ಬೆದರಿ ಮತ್ತೆ ಬಾಯಿ ಮುಚ್ಚುತ್ತಾನೋ ಏನೋ.

17 ಫೆಬ್ರವರಿ, ಮಂಗಳವಾರ

ಮೊನ್ನೆ ಶಿವರಾತ್ರಿ ಮುಗಿಯಿತು, ಟೋಳಿಯೂ ಹೊರಟಿದೆ. ಮಧ್ಯಾಹ್ನ ಗುಡಿಸಲು ಬಿಚ್ಚುತ್ತಿದ್ದರು. ಹಸಿರು ಸೀರೆಯವಳು ಮಗಳನ್ನು ಕರೆದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಕೈಯಲ್ಲಿ ಗೊಬ್ಬರದ ಖಾಲಿ ಚೀಲ. ಬಿಡಿಸಿದಳು. ಒಳಗಿನ ಬಿಳಿ ಬದಿಯಲ್ಲಿ ಇದ್ದಿಲಿನ ಗೆರೆಗಳು, ಐದೈದರ ಕಟ್ಟು.

"ಖೇಪಿನ ಲೆಕ್ಕ ಅಕ್ಕಾರ. ನನ್ನ ಗೆರಿ ಎಪ್ಪತ್ತೊಂಬತ್ತ ಅದಾವ. ಮುಕಾದಮನ ವಹಿದಾಗ ಎಪ್ಪತ್ತೊಂದ ಅಂತಾನ. ನೀವ ದಿನಾ ಏನೋ ಬರಿತೀರೆಲ್ಲ, ನಮ್ಮ ಹುಡುಗಿ ನೋಡ್ಯಾಳ. ಅಮಾಸಿ ದಿನಾ ಎರಡ ಖೇಪು ಹೋತಿಲ್ಲೋ? ನೀವು ಕಡಬ ತಂದಿದ್ರಿ."

ಈ ವಹಿ ತೆಗೆದೆ. ಡಿಸೆಂಬರ್ 19. ಎರಡು ಖೇಪು ಅಂತ ಇತ್ತು. ಮುಕಾದಮನಲ್ಲಿ ಒಂದು. ಸಂಕ್ರಾಂತಿಯ ಹಿಂದಿನ ರಾತ್ರಿಯದು ನನ್ನಲ್ಲಿ ಇತ್ತು, ಅವನಲ್ಲಿ ಇರಲಿಲ್ಲ. ಉಳಿದ ಆರಕ್ಕೆ ನನ್ನ ಹತ್ತಿರ ಏನೂ ಸಿಗಲಿಲ್ಲ. ಆ ದಿನಗಳಲ್ಲಿ ನಾನು ಏನನ್ನೂ ಬರೆದಿರಲಿಲ್ಲ, ಅಥವಾ ಬರೀ ಸಾಹಿತ್ಯ ಬರೆದಿದ್ದೆ.

ಒಂದು ಹಾಳೆಯಲ್ಲಿ ತಾರೀಖು ಹಾಕಿ, ಅವಳು ನೆನಪಿನಿಂದ ಹೇಳಿದ್ದನ್ನು ಹೇಳಿದಂತೆ ಬರೆದುಕೊಟ್ಟೆ. ಮಗಳು ಜೋರಾಗಿ ಓದಿದಳು, ತಾಯಿ ಬೆರಳು ಮಡಚುತ್ತಾ ಹೋದಳು. ಎರಡು ಕಡೆ ತಿದ್ದಿಸಿದಳು. ಕೆಳಗೆ ಸಹಿ ಮಾಡಿ ಅಂದಳು. ಮಾಡಿದೆ, ಕಾಲೇಜಿನ ಹೆಸರು ಸಮೇತ. ಮಾವನವರು ಒಳಗಿನಿಂದ ನೋಡುತ್ತಿದ್ದರು, ಏನೂ ಅನ್ನಲಿಲ್ಲ. ಮುಂದಿನ ವರ್ಷವೂ ಇದೇ ಮುಕಾದಮನಿಗೆ ಅವರು ಕೈ ಮುಗಿಯಬೇಕು.

ಸಂಜೆ ಮುಕಾದಮ ಮೂರಕ್ಕೆ ಒಪ್ಪಿದನಂತೆ. ಐದು ಹೋಯಿತು. ಟ್ರೇಲರಿನಲ್ಲಿ ಕೂತ ಮೇಲೆ ಅವಳು ಮಗಳನ್ನು ಮತ್ತೆ ಓಡಿಸಿದಳು. ಅಮಾಸಿ ದಿನ ನಾನು ಬರೆದ ಹಾಳೆಯನ್ನೂ ಕೊಡಬೇಕಂತೆ, ಊರಿಗೆ ಹೋದ ಮೇಲೆ ಅಲ್ಲಿಯ ದೊಡ್ಡ ಮುಕಾದಮನಿಗೆ ತೋರಿಸಲು. "ಅದರಾಗ ನಿಮ್ಮ ಅವ್ವ ಎಳ್ಳ ಜಾಸ್ತಿ ಅಂದದ್ದೂ ಐತಿ" ಅಂದೆ. "ಇರಲಿ ಬಿಡ್ರಿ" ಅಂದಳು ಹುಡುಗಿ.

ಟ್ರ್ಯಾಕ್ಟರ್ ಚಾಲೂ ಇತ್ತು. ನಿಂತಲ್ಲೇ ಫೋನಿನಲ್ಲಿ ಫೋಟೋ ಹೊಡೆದುಕೊಂಡು, ಹಾಳೆ ಹರಿದು ಕೊಟ್ಟೆ. ಮೇಲೆ ಅಂಟಿಸಿರುವ 19ನೇ ತಾರೀಖಿನದು ನಕಲು.